ಬಾಗಿಲಿಗಿಂತ ಎತ್ತರದವಳು

ಭಾನುವಾರ, ಬೆಳಗ್ಗೆ
ಮಹಡಿ ಮನೆಯಿಂದ

ಮಗಳೇ,

ನಾನು ಚೆನ್ನಾಗಿದ್ದೇನೆ. ನೀನೂ ಚೆನ್ನಾಗಿರಬೇಕು. ಆಶೀರ್ವಾದವನ್ನು ಕೊನೆಯಲ್ಲಿ ಬರೆಯುತ್ತೇನೆ. ಮೊದಲೇ ಬರೆದರೆ ನೀನು ಅದನ್ನಷ್ಟು ತೆಗೆದುಕೊಂಡು ಉಳಿದದ್ದನ್ನು ಓದದೆ ಮಡಿಸಿಡುವವಳು, ನನಗೆ ಗೊತ್ತಿಲ್ಲವೇ.

ಅಕ್ಷರ ಗೆರೆ ಬಿಟ್ಟು ಓಡಿದ್ದರೆ ಓಡಲಿ. ನಮ್ಮೂರ ಶಾಲೆಯಲ್ಲಿ ದನ ಮನೆಗೆ ಬರುವ ಹೊತ್ತಿಗೆ ಪಾಠವೂ ಮುಗಿಯುತ್ತಿತ್ತು, ಅಷ್ಟರಲ್ಲಿ ಎಷ್ಟು ಕಲಿಯಲಾದೀತೋ ಅಷ್ಟು ಕಲಿತೆ. ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸಬೇಡ. ನೀನು ಹೆಡ್‌ಮಿಸ್ ಆಗಿರುವುದು ನಿನ್ನ ಶಾಲೆಗೆ, ನಿನ್ನ ಅಮ್ಮನಿಗಲ್ಲ.

ಈಗ ಸುದ್ದಿ. ನಿನ್ನ ಮಗಳು ಚೋಟಿ ದೊಡ್ಡವಳಾದಳು. ವಯಸ್ಸಿನಲ್ಲಲ್ಲ, ಹುದ್ದೆಯಲ್ಲಿ. ಆಟದ ಪಾರ್ಕಿನ ಕ್ರಿಯೇಟಿವ್ ವಿಭಾಗಕ್ಕೆ ಇನ್ನು ಮುಂದೆ ಅವಳೇ ಮುಖ್ಯಸ್ಥೆ. ಯಾವ ಗುಹೆಯಲ್ಲಿ ಯಾವ ಭೂತ ಕೂರಬೇಕು, ಯಾವ ಬೆಟ್ಟದಿಂದ ಯಾವ ನೀರು ಬೀಳಬೇಕು, ಮಕ್ಕಳು ಎಲ್ಲಿ ಕಿರುಚಬೇಕು, ಎಲ್ಲಿ ನಗಬೇಕು, ಎಲ್ಲಾ ಅವಳು ಹೇಳಿದ ಹಾಗೆ. ನಿನ್ನ ಬಾಯಿಂದ ಬಂದ ಮಾತು ನೆನಪಿದೆಯೋ ಇಲ್ಲವೋ, ನನಗಂತೂ ನೆನಪಿದೆ: "ಗೊಂಬೆ ಮಾಡ್ಕೊಂಡಿರೋಳಿಗೆ ಈ ಮನೇಲಿ ಜಾಗ ಇಲ್ಲ." ಅವಳೂ ನಿನ್ನ ಹೊಟ್ಟೆಯಲ್ಲೇ ಹುಟ್ಟಿದವಳಲ್ಲವೇ, ಬಿಡುತ್ತಾಳೆಯೇ? "ತಲೆ ಎತ್ತಿ ನಿಂತಾಗ್ಲೇ ನಿನ್ನ ಕಣ್ಮುಂದೆ ಬರ್ತೀನಿ" ಅಂದಳು. ಒಬ್ಬಳು ಬಾಗಿಲ ಒಳಗೆ, ಒಬ್ಬಳು ಹೊರಗೆ, ನಡುವೆ ನಾನು ಚೀಲ ಹಿಡಿದುಕೊಂಡು. ನಿನ್ನನ್ನು ನೋಡಿಕೊಳ್ಳಲು ನಿನ್ನ ಕೋಪವಿದೆ, ಅವಳನ್ನು ನೋಡಿಕೊಳ್ಳಲು ಯಾರಿದ್ದಾರೆ ಎಂದು ನಾನು ಅವಳ ಹಿಂದೆ ಹೊರಟೆ. ಅದಕ್ಕೆ ನಿನ್ನ ಕ್ಷಮೆ ಕೇಳಲು ಬರೆಯುತ್ತಿದ್ದೇನೆ ಎಂದು ತಿಳಿಯಬೇಡ. ಇವತ್ತು ಆಗಿದ್ದರೂ ಅದನ್ನೇ ಮಾಡುತ್ತಿದ್ದೆ.

ಸುದ್ದಿ ಆಗಲೇ ಹೇಳಿಬಿಟ್ಟೆನಲ್ಲ, ಇನ್ನೇನಿದೆ ಅನ್ನಬೇಡ. ಹೇಗಾಯಿತು ಎಂಬುದೇ ಕಥೆ. ಕುಳಿತು ಓದು. ನಿಂತು ಓದುವುದು ನಿನ್ನ ಕೆಟ್ಟ ಅಭ್ಯಾಸ.

ಚೋಟಿ ಕೆಲಸ ಮಾಡುವ ವರ್ಕ್‌ಶಾಪು ನಮ್ಮ ಮನೆಯ ಹಿಂದಿನ ರಸ್ತೆಯಲ್ಲೇ. ಅಡುಗೆಮನೆಯ ಕಿಟಕಿಯಿಂದ ಪಾರ್ಕಿನ ಜೈಂಟ್ ವೀಲಿನ ನೆತ್ತಿ ಕಾಣುತ್ತದೆ. ಮಧ್ಯಾಹ್ನ ಊಟದ ಡಬ್ಬಿ ತೆಗೆದುಕೊಂಡು ನಾನೇ ಹೋಗುತ್ತೇನೆ. ಕಾವಲಿನವರು ನನಗೆ ಡಬ್ಬಿ ಅಜ್ಜಿ ಎಂದು ಹೆಸರಿಟ್ಟಿದ್ದಾರೆ. ಬೇರೆಯವರಿಗೆ ಕಾರ್ಡು ತೋರಿಸು ಅನ್ನುತ್ತಾರೆ, ನನಗೆ ಇವತ್ತೇನು ಪಲ್ಯ ಅನ್ನುತ್ತಾರೆ. ತಗಡಿನ ಚಾವಣಿಯ ಉದ್ದನೆಯ ಶೆಡ್ಡು ಅದು. ಒಳಗೆ ಹೋದರೆ ಅಂಟಿನ ವಾಸನೆ ಮೂಗಿಗೆ ಅಡರುತ್ತದೆ. ಗೋಡೆಯುದ್ದಕ್ಕೂ ಕೊಕ್ಕೆಗೆ ಕೈಗಳನ್ನು ತೂಗುಹಾಕಿರುತ್ತಾರೆ, ಬೆರಳಿರುವ ಕೈ, ಉಗುರಿರುವ ಕೈ, ಪೊರೆಯಿರುವ ಕೈ. ಕಪಾಟಿನಲ್ಲಿ ತಲೆಗಳು ಸಾಲಾಗಿ ಕೂತಿರುತ್ತವೆ. ಮೊದಲ ದಿನ ಬಾಗಿಲಿಂದಲೇ ಡಬ್ಬಿ ಕೊಟ್ಟು ಓಡಿಬಂದಿದ್ದೆ. ಈಗ ಹೋದ ಕೂಡಲೇ ಒಂದು ಮೊಸಳೆಯ ಬೆನ್ನ ಮೇಲೆ ಕೂತು ಕಾಲು ನೀಡುತ್ತೇನೆ. ಅದು ಉಸಿರಾಡುವ ಮೊಸಳೆ, ಆದರೆ ಮೋಟರು ಕೆಟ್ಟಿದೆ.

ಇಷ್ಟು ವರ್ಷ ಅಲ್ಲಿನ ಮುಖ್ಯಸ್ಥರಾಗಿದ್ದವರನ್ನು ಎಲ್ಲರೂ ಮಾಮ ಎನ್ನುತ್ತಿದ್ದರು. ಆ ವಿಭಾಗವನ್ನು ಕಟ್ಟಿದವರೇ ಅವರು. ಬಣ್ಣ ಮೆತ್ತಿದ ಒಂದು ಸ್ಟೂಲು ಇತ್ತು, ಅದೇ ಅವರ ಸಿಂಹಾಸನ. ಚೋಟಿ ಕೆಲಸ ಕೇಳಿಕೊಂಡು ಹೋದಾಗ ಅವರು ಕೇಳಿದ್ದು ಒಂದೇ ಪ್ರಶ್ನೆಯಂತೆ: "ನಿನಗೆ ಯಾರನ್ನ ಕಂಡ್ರೆ ಭಯ?" ಇವಳು ಏನು ಉತ್ತರ ಕೊಟ್ಟಳೋ ನನಗೆ ಹೇಳಿಲ್ಲ. ಮಾಮ ನಕ್ಕು, ನಾಳೆಯಿಂದ ಬಾ ಅಂದರಂತೆ.

ಹೊಸ ದೋಣಿಯಾಟ ಇವಳ ಕಲ್ಪನೆ. ಕತ್ತಲ ಗುಹೆಯೊಳಗೆ ದೋಣಿ ಸಾಗುತ್ತದೆ. ಎಲ್ಲೋ ಮೇಲೆ ಒಬ್ಬ ರಾಕ್ಷಸಿ ದಪದಪ ಹೆಜ್ಜೆ ಹಾಕುತ್ತಾ ಬೈಯುತ್ತಾ ಯಾರನ್ನೋ ಹುಡುಕುತ್ತಿರುತ್ತಾಳೆ. ಕೊನೆಯ ತಿರುವಿನಲ್ಲಿ ಅವಳು ಇಡಿಯಾಗಿ ಕಾಣುತ್ತಾಳೆ. ಅಷ್ಟೇ ಕಥೆ. ಮಾಮನಿಗೆ ಬಹಳ ಹಿಡಿಸಿತ್ತು. ಆದರೆ ರಾಕ್ಷಸಿಯ ನಕ್ಷೆ ಮುಗಿಯುವ ಹೊತ್ತಿಗೆ ಮಾಮನ ಕಣ್ಣು ಕೈಕೊಟ್ಟಿತು. ಎರಡೂ ಕಣ್ಣಿಗೆ ಮಂಜು ಕವಿದಿದೆ, ಕೆಂಪು ಯಾವುದು ಕಂದು ಯಾವುದು ತಿಳಿಯುತ್ತಿಲ್ಲ, ಬಣ್ಣ ತಿಳಿಯದವನು ಈ ಸ್ಟೂಲಿನ ಮೇಲೆ ಕೂರಬಾರದು ಎಂದು ತಾವಾಗಿಯೇ ಎದ್ದರು. ಹೋಗುವಾಗ ಕಂಪನಿಯ ಯಜಮಾನಿಗೆ, ನನ್ನ ಜಾಗಕ್ಕೆ ಚೋಟಿಯನ್ನು ಕೂರಿಸಿ ಎಂದು ಹೇಳಿಯೇ ಹೋದರು. ಡೈರೆಕ್ಟರುಗಳು ಕೇಳಬೇಕಲ್ಲ. ಅಷ್ಟು ಚಿಕ್ಕವಳೇ, ಅಷ್ಟು ಗಿಡ್ಡಿಯೇ, ನೋಡೋಣ, ಹೊಸ ಆಟ ಮುಗಿಯುವವರೆಗೆ ಬೇರೊಬ್ಬರು ನೋಡಿಕೊಳ್ಳಲಿ ಎಂದರು. ಆಟ ಮುಗಿದ ಮೇಲೆ ಇಬ್ಬರಲ್ಲಿ ಯಾರು ಎಂದು ತೀರ್ಮಾನ.

ಆ ಬೇರೊಬ್ಬ ಜಾಹೀರಾತು ವಿಭಾಗದಿಂದ ಬಂದ. ನಾನು ಅವನಿಗೆ ಇಸ್ತ್ರಿ ಎಂದು ಹೆಸರಿಟ್ಟೆ. ಈಗ ಇಡೀ ಶೆಡ್ಡು ಹಾಗೇ ಕರೆಯುತ್ತದೆ, ಅದರಲ್ಲಿ ನನ್ನ ತಪ್ಪಿಲ್ಲ. ಅವನ ಅಂಗಿಯ ಮಡಿಕೆ ಹಿಡಿದು ಈರುಳ್ಳಿ ಹೆಚ್ಚಬಹುದಿತ್ತು. ಕೆಟ್ಟವನಲ್ಲ, ಆದರೆ ದೊಡ್ಡದು ಎಂಬ ಪದವೊಂದನ್ನು ಬಿಟ್ಟರೆ ಅವನಿಗೆ ಬೇರೆ ಪದ ಬರುತ್ತಿರಲಿಲ್ಲ. ಪೋಸ್ಟರಿನಲ್ಲಿ ದೊಡ್ಡದು ಎಂದು ಬರೆದು ಬರೆದು ಅಭ್ಯಾಸವಾಗಿತ್ತೇನೋ. ಬಂದವನೇ ರಾಕ್ಷಸಿಯ ನಕ್ಷೆ ನೋಡಿ, "ಇನ್ನೂ ಎತ್ತರ ಮಾಡಿ" ಅಂದ. ಮಾಡಿದರು. "ಇನ್ನೂ ಸ್ವಲ್ಪ" ಅಂದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಎಲ್ಲ ಕಡೆಯೂ ಇರುತ್ತಾರಲ್ಲ, ಹೂಂ ಸಾರ್ ಅಂದರು. ಚೋಟಿ ರಾಕ್ಷಸಿಯ ನಡುವಿಗೆ ದೊಡ್ಡದೊಂದು ಕೀಲು ಇಟ್ಟಿದ್ದಳು. ಅದನ್ನೂ ತಗಡು ಹಾಕಿ ಬೋಲ್ಟು ಬಿಗಿಸಿ ಮುಚ್ಚಿಸಿಬಿಟ್ಟ. ಆಡುವ ಕೀಲು ಕೆಡುವ ಕೀಲು ಎಂದು ಅವನ ವಾದ. "ನಿಂತಿದ್ರೆ ಸಾಕು. ಜನ ಎತ್ತರ ನೋಡೋಕೆ ಬರ್ತಾರೆ, ಸೊಂಟ ನೋಡೋಕಲ್ಲ" ಅಂದನಂತೆ. ಆ ದಿನ ನಿನ್ನ ಮಗಳು ಡಬ್ಬಿಯನ್ನು ಮುಟ್ಟಲಿಲ್ಲ. ನಾನು, ಬಿಟ್ಟು ಬಾ, ಬೇರೆ ಕಡೆ ಕೆಲಸ ಸಿಗುತ್ತದೆ ಎಂದೆ. ಅವಳು ಆ ಕಬ್ಬಿಣದ ನಡುವಿನ ಮೇಲೆ ಕೈಯಿಟ್ಟುಕೊಂಡು, "ಇವಳನ್ನ ಬಿಟ್ಟು ಎಲ್ಲಿಗೆ ಹೋಗ್ಲಿ ಅಜ್ಜಿ" ಅಂದಳು. ಇಸ್ತ್ರಿಗೆ ಹುದ್ದೆ ಖಾಯಂ ಆದರೆ ರಾಕ್ಷಸಿ ಸುಮ್ಮನೆ ಕಂಬದ ಹಾಗೆ ನಿಲ್ಲುತ್ತಾಳೆ, ದೋಣಿಗಳು ಅವಳ ಕಾಲ ಸಂದಿಯಲ್ಲಿ ಹಾದುಹೋಗುತ್ತವೆ, ಮುಗಿಯಿತು. ಅವಳಿಗೆ ಸಂಕಟ ಹುದ್ದೆಯದ್ದಾಗಿರಲಿಲ್ಲ, ಇದರದ್ದು.

ಇಲ್ಲೊಂದು ತಮಾಷೆ ಹೇಳಬೇಕು. ಆ ಶೆಡ್ಡಿನಲ್ಲಿ ಒಂದು ಪದ್ಧತಿಯಿತ್ತು, ಕೋಲು ದಾಟಿಸುವುದು ಎಂದು. ಯಾವುದೇ ಹೊಸ ಗೊಂಬೆ ಶುರುಮಾಡುವ ಮೊದಲು ಗೊಂಬೆಯಷ್ಟೇ ಉದ್ದದ ಒಂದು ಕೋಲಿಗೆ ಭುಜದ ಹಾಗೆ ಅಡ್ಡಕೋಲು ಕಟ್ಟಿ, ಇಬ್ಬರು ನೆಟ್ಟಗೆ ಎತ್ತಿ ಹಿಡಿದುಕೊಂಡು ಶೆಡ್ಡಿನ ದೊಡ್ಡ ಬಾಗಿಲಿನಿಂದ ಹೊರಗೆ ನಡೆಸಿಕೊಂಡು ಹೋಗುವುದು. ಕೋಲು ಹೊಸಿಲು ದಾಟಿದ ಕೂಡಲೇ ಎಲ್ಲರೂ ಚಪ್ಪಾಳೆ ತಟ್ಟುವುದು. ಆಮೇಲೆ ಎಲ್ಲರಿಗೂ ಟೀ. ಮಾಮ ಶುರುಮಾಡಿದ್ದು. ಯಾಕೆ ಎಂದು ಯಾರೂ ಕೇಳಿರಲಿಲ್ಲ. ಕೋಲು ದಾಟಿಸಿದರೆ ಗೊಂಬೆಗೆ ಒಳ್ಳೆಯದಾಗುತ್ತದೆ ಎಂದು ನಂಬಿದ್ದರು. ನಿನ್ನ ಮಗಳೂ ನಂಬಿದ್ದಳು. ನಾನಂತೂ ಟೀಗಾಗಿ ಚಪ್ಪಾಳೆ ತಟ್ಟುತ್ತಿದ್ದೆ.

ಇಸ್ತ್ರಿಗೆ ಇದನ್ನು ಕೇಳಿ ನಗು ಬಂತು. "ಯಾವ ಕಾಲದಲ್ಲಿದ್ದೀರಿ? ಕೋಲಿಗೆ ಮೆರವಣಿಗೆ ಮಾಡ್ತೀರಾ? ಇದು ಕಂಪನಿ, ಮಂತ್ರ ಹಾಕಿಸೋ ಜಾಗ ಅಲ್ಲ" ಎಂದು ನಿಲ್ಲಿಸಿಬಿಟ್ಟ. ಮೂಢನಂಬಿಕೆ ಎಂದು ಬಾಯಿ ಮುಚ್ಚಿಸಿದರೆ ಓದಿದವರಿಗೆ ನಾಚಿಕೆಯಾಗುತ್ತದೆ ನೋಡು. ರಾಕ್ಷಸಿಯ ಕೋಲು ದಾಟಲೇ ಇಲ್ಲ.

ನೀನು ಈಗಾಗಲೇ ಊಹಿಸಿರುತ್ತೀಯ. ಲೆಕ್ಕದ ಟೀಚರಲ್ಲವೇ. ಅವರ ತಲೆಗೆ ಮಾತ್ರ ಹೊಳೆಯಲಿಲ್ಲ.

ರಾಕ್ಷಸಿಯನ್ನು ಗುಹೆಗೆ ಸಾಗಿಸುವ ದಿನ ಯಜಮಾನಿ ಬರುತ್ತಾರೆ, ಜೊತೆಗೆ ಡೈರೆಕ್ಟರುಗಳೂ ಬರುತ್ತಾರೆ, ನೋಡಿ ಅಲ್ಲೇ ತೀರ್ಮಾನ ಹೇಳುತ್ತಾರೆ ಎಂದಾಯಿತು. ಯಜಮಾನಿ ನನ್ನ ಓರಗೆಯವರು, ಗಾಲಿ ಕುರ್ಚಿಯಲ್ಲಿ ಬರುತ್ತಾರೆ, ಮಾತು ಕಮ್ಮಿ. ನಾನು ಡಬ್ಬಿ ಕೊಡುವ ನೆಪದಲ್ಲಿ ಬೇಗನೇ ಹೋಗಿ ಮೊಸಳೆಯ ಮೇಲೆ ಜಾಗ ಹಿಡಿದೆ. ರಾಕ್ಷಸಿಯನ್ನು ಗಾಲಿಬಂಡಿಯ ಮೇಲೆ ನಿಲ್ಲಿಸಿದ್ದರು, ಸೊಂಟದ ಮೇಲೆ ಕೈಯಿಟ್ಟುಕೊಂಡು ಚಾವಣಿಯ ತನಕ ನಿಂತಿದ್ದಳು. ಮುಖಕ್ಕೆ ಬಟ್ಟೆ ಮುಚ್ಚಿದ್ದರು. ಮುಖದ ವಿಷಯ ಈಗ ಬೇಡ. ಅವಳ ಭುಜದ ಮೇಲೆ ಬಣ್ಣದಾಕೆ ಕೂತು ಕೊನೆಯ ಕೈ ಆಡಿಸುತ್ತಿದ್ದಳು. ಬಣ್ಣದಾಕೆ ಎಂದರೆ ಅಲ್ಲಿನ ಎಲ್ಲಾ ಮುಖಗಳಿಗೂ ಬಣ್ಣ ಹಚ್ಚುವವಳು, ಚೋಟಿಯ ಗೆಳತಿ, ಬಾಯಿಗೆ ಬೀಗವಿಲ್ಲದವಳು. ಅವಳಿಗೆ ಮೊದಲು ಕಂಡಿತು. ಮೇಲಿನಿಂದ, "ಚೋಟೀ, ಬಾಗಿಲ ತೊಲೆ ನನ್ನ ಕಾಲಿಗಿಂತ ಕೆಳಗಿದೆ ಕಣೇ" ಅಂದಳು.

ಎಲ್ಲರೂ ತಲೆ ಎತ್ತಿ ನೋಡಿದರು. ಬಾಗಿಲಿನ ಕಬ್ಬಿಣದ ತೊಲೆ ರಾಕ್ಷಸಿಯ ಎದೆಯ ಮಟ್ಟಕ್ಕಿತ್ತು.

ಒಬ್ಬೊಬ್ಬರಿಗೇ ತಿಳಿಯುತ್ತಾ ಹೋಯಿತು, ದೀಪದಿಂದ ದೀಪ ಹಚ್ಚಿದ ಹಾಗೆ. ಕೋಲು ದಾಟಿಸುವುದು ಶಾಸ್ತ್ರವಲ್ಲ, ಬಾಗಿಲ ಅಳತೆ. ಅಷ್ಟೇ. ಹಿಂದೆ ಯಾವುದೋ ಗೊಂಬೆಯಾನೆ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡು ಮಾನ ಹೋದ ಮೇಲೆ ಮಾಮ ಶುರುಮಾಡಿದ ಅಳತೆ, ಆಮೇಲೆ ಅವರೇ ಹೇಳಿದರು. ಚಪ್ಪಾಳೆ ಟೀ ಎಲ್ಲಾ ಸೇರಿ ಅದು ಅಳತೆಯೆಂಬುದೇ ಮರೆತುಹೋಗಿತ್ತು. ಮೂಢನಂಬಿಕೆ ಎಂದು ಬಿಟ್ಟವನಿಗೂ ಗೊತ್ತಿರಲಿಲ್ಲ, ನಂಬಿ ಮಾಡಿದವರಿಗೂ ಗೊತ್ತಿರಲಿಲ್ಲ. ವೆಲ್ಡರು ತಲೆಯ ಮೇಲೆ ಕೈಹೊತ್ತು ಕೂತ. ನಿನ್ನ ಮಗಳ ಮುಖ ಸುಣ್ಣದ ಗೋಡೆಯಾಯಿತು. ನನಗೋ, ಹೇಳಬಾರದು, ನಗು ಒತ್ತರಿಸಿ ಬಂತು. ಸೆರಗು ಬಾಯಿಗೆ ತುರುಕಿಕೊಂಡೆ.

ಅಷ್ಟರಲ್ಲಿ ಹೊರಗೆ ಕಾರು ಬಂದವು. ಯಜಮಾನಿಯ ಕುರ್ಚಿಯನ್ನು ಬಾಗಿಲ ಎದುರು ಬಿಸಿಲು ಬೀಳದ ಕಡೆ ನಿಲ್ಲಿಸಿದರು.

ಇಸ್ತ್ರಿ ಬೆವರುತ್ತಿದ್ದ. ಗೋಡೆ ಒಡೆಯೋಣ ಎಂದ. ಇಡೀ ಚಾವಣಿ ಆ ತೊಲೆಯ ಮೇಲೇ ಕೂತಿದೆ, ಒಡೆದರೆ ನಾವೂ ಉಳಿಯಲ್ಲ ಎಂದರು. ಕೊನೆಗೆ ಅವನು, "ಕುತ್ತಿಗೆ ಕತ್ತರಿಸಿ. ತಲೆ ಬೇರೆ, ಮೈ ಬೇರೆ ತಗೊಂಡ್ಹೋಗಿ, ಗುಹೇಲಿ ಅಂಟಿಸೋಣ" ಅಂದ. ಕತ್ತರಿಸುವ ಯಂತ್ರ ತರಿಸಿಯೂ ಬಿಟ್ಟ. ಅದರ ಚಕ್ರ ಗುಯ್ಯೆಂದಿತು.

ಆಗ ನಿನ್ನ ಮಗಳು ಎದ್ದಳು. ಗಾಲಿಬಂಡಿ ಹತ್ತಿ ರಾಕ್ಷಸಿಯ ಕಾಲಿಗೆ ಬೆನ್ನು ಕೊಟ್ಟು ನಿಂತಳು. ಅವಳ ನೆತ್ತಿ ರಾಕ್ಷಸಿಯ ಮಂಡಿಗೂ ಬರುವುದಿಲ್ಲ. "ಕುತ್ತಿಗೆಗೆ ಯಾರೂ ಕೈ ಹಾಕಬಾರ್ದು" ಎಂದಳು. ಕೂಗಲಿಲ್ಲ. ನಿನ್ನ ಹಾಗೇ, ಸಿಟ್ಟು ಬಂದಾಗ ಅವಳ ದನಿ ಇಳಿಯುತ್ತದೆ. "ಕುತ್ತಿಗೆಗೆ ಬೆಸುಗೆ ಹಾಕಿದ್ರೆ ಗುರುತು ಉಳಿಯುತ್ತೆ, ತಲೆ ವಾಲಲ್ಲ. ಆಮೇಲೆ ಅವಳು ಯಾರನ್ನೂ ಹುಡುಕಲ್ಲ, ಬರೀ ನಿಂತಿರ್ತಾಳೆ. ಸೊಂಟದ ಬೋಲ್ಟು ಬಿಚ್ಚಿ."

ಇಸ್ತ್ರಿ, "ಹೊರಗೆ ಅವರು ಕಾಯ್ತಿದ್ದಾರೆ, ಆಟ ಆಡೋ ಹೊತ್ತಾ ಇದು?" ಅಂದ.

"ಆಟ ಆಡೋಕೇ ಅಲ್ವಾ ಸಾರ್ ನಮಗೆ ಸಂಬಳ ಕೊಡೋದು" ಅಂದಳು ನಿನ್ನ ಮಗಳು.

ಬಣ್ಣದಾಕೆ ಭುಜದಿಂದ ಜಾರಿ ಇಳಿದು ಸ್ಪ್ಯಾನರು ಎತ್ತಿಕೊಂಡಳು. ಅವಳನ್ನು ನೋಡಿ ವೆಲ್ಡರು ಎದ್ದ. ಆಮೇಲೆ ಎಲ್ಲರೂ. ಇಸ್ತ್ರಿ ಹಾಕಿಸಿದ್ದ ತಗಡನ್ನು ಬಿಚ್ಚಿದರು. ಒಳಗಿನ ಕೀಲಿಗೆ ಎಣ್ಣೆ ಸುರಿದರು. ಚಾವಣಿಯ ಸರಪಳಿ ರಾಟೆಯನ್ನು ರಾಕ್ಷಸಿಯ ಬೆನ್ನಿಗೆ ಬಿಗಿದು, ಸ್ವಲ್ಪ ಸ್ವಲ್ಪವೇ ಸಡಿಲ ಬಿಡತೊಡಗಿದರು. ಭಾರ ಜಾಸ್ತಿ, ಸರಪಳಿ ಹಿಡಿಯಲು ಕೈ ಸಾಲಲಿಲ್ಲ. ನಾನು ಮೊಸಳೆಯ ಮೇಲಿಂದ, "ಏನಪ್ಪಾ ಇಸ್ತ್ರಿ, ಮಡಿಕೆ ಹಾಳಾಗುತ್ತೆ ಅಂತ ನಿಂತಿದ್ದೀಯಾ?" ಎಂದು ಕೇಳಿದೆ. ಅವನು ನನ್ನನ್ನೊಮ್ಮೆ ನೋಡಿದ. ಆಮೇಲೆ ಅಂಗಿಯ ತೋಳು ಮಡಚಿ ಬಂದು ಸರಪಳಿಯ ತುದಿ ಹಿಡಿದ. ಸುಳ್ಳು ಹೇಳಬಾರದು, ಚೆನ್ನಾಗಿಯೇ ಎಳೆದ.

ರಾಕ್ಷಸಿ ಬಗ್ಗಿದಳು. ಮೊದಲು ನಡು, ಆಮೇಲೆ ಹೆಗಲು. ಚೋಟಿ ಅಲ್ಲಿಂದ ಇಲ್ಲಿಗೆ ಓಡಾಡುತ್ತಾ, ಎಡಗೈ ಸೊಂಟದ ಮೇಲೇ ಇರಲಿ, ಬಲಗೈಯನ್ನು ಮಾತ್ರ ನೆಲಕ್ಕೆ ಊರಿಸಿ, ತಲೆ ಒಂದು ಕಡೆ ವಾಲಲಿ, ಇಷ್ಟಲ್ಲ, ಇಷ್ಟು, ಎಂದು ಹೇಳಿ ಹೇಳಿ ಬಗ್ಗಿಸಿದಳು. ಅಷ್ಟು ಅವಸರದಲ್ಲೂ ಅವಳಿಗೆ ಒಂದು ಕ್ಷಣದ ಅನುಮಾನವಿರಲಿಲ್ಲ. ಎಷ್ಟೋ ಸಲ ಕಣ್ಣಾರೆ ಕಂಡ ಭಂಗಿಯ ಹಾಗೆ. ಬಗ್ಗಿದ ತಲೆ ತೊಲೆಯ ಕೆಳಗೆ ಬಂತು. ಬಂಡಿ ಮುಂದೆ ಸರಿಯಿತು. ತೊಲೆಗೆ ಮುಖದ ಬಟ್ಟೆ ಸಿಕ್ಕಿ ಜಾರಿತು.

ಹೊರಗೆ ಕುರ್ಚಿಯಲ್ಲಿ ಕೂತಿದ್ದ ಯಜಮಾನಿಯ ಎದುರಿಗೆ, ಬಾಗಿಲಲ್ಲಿ, ಬಾಗಿಲಿನಷ್ಟೇ ದೊಡ್ಡ ಮುಖವೊಂದು ಬಗ್ಗಿ ಇಣುಕಿತು.

ಡೈರೆಕ್ಟರೊಬ್ಬ ಎರಡು ಹೆಜ್ಜೆ ಹಿಂದಕ್ಕೆ ಹಾರಿದ. ಯಜಮಾನಿ ಅಲ್ಲಾಡಲಿಲ್ಲ. ರಾಕ್ಷಸಿಯ ಕಣ್ಣು, ಅವರ ಕಣ್ಣು, ಒಂದೇ ಮಟ್ಟದಲ್ಲಿ. ಆಮೇಲೆ ಕೈ ಚಾಚಿ ಆ ಮೂಗಿನ ತುದಿ ಮುಟ್ಟಿದರು. "ಇಲ್ಲೇ ಇದ್ದೀನಮ್ಮ" ಎಂದರು, ಮೆಲ್ಲಗೆ, ಚಿಕ್ಕ ಹುಡುಗಿ ಹೇಳಿದ ಹಾಗೆ. ನನಗೆ ಮೊಸಳೆಯ ಮೇಲೆ ಕೂರಲಾಗಲಿಲ್ಲ, ಎದ್ದು ನಿಂತೆ.

ಕಣ್ಣೊರೆಸಿಕೊಂಡ ಮೇಲೆ ಅವರು ಮತ್ತೆ ಯಜಮಾನಿಯಾದರು. "ಗುಹೇಲೂ ಹೀಗೇ ಬಗ್ತಾಳಾ?" ಎಂದು ಕೇಳಿದರು. ಬಗ್ಗುತ್ತಾಳೆ, ಬಗ್ಗಲಿ ಎಂದೇ ಮಾಡಿದ್ದು ಎಂದಳು ಚೋಟಿ. "ಮತ್ತೆ ಸೊಂಟಕ್ಕೆ ಬೋಲ್ಟು ಯಾರು ಹಾಕ್ಸಿದ್ದು?" ಎಂದರು. ಅವರ ಕಣ್ಣು ಬಲು ಸೂಕ್ಷ್ಮ, ನೆಲದ ಮೇಲೆ ಬಿದ್ದಿದ್ದ ತಗಡು ಕಂಡಿತ್ತು. ನೋಡು ಮಗಳೇ, ಅವಳ ಜಾಗದಲ್ಲಿ ನಾನಿದ್ದಿದ್ದರೆ ಬೆರಳು ತೋರಿಸಿ, ಮೂರು ತಲೆಮಾರಿನ ಇತಿಹಾಸ ಸೇರಿಸಿ ಹೇಳುತ್ತಿದ್ದೆ. ನಿನ್ನ ಮಗಳು, "ಶೆಡ್ಡಲ್ಲಿ ಹಾಕಿದ್ದು ಮೇಡಂ, ಶೆಡ್ಡಲ್ಲೇ ತೆಗೆದ್ವಿ" ಅಂದಳು. ಅಷ್ಟೇ. ಯಾರ ಹೆಸರನ್ನೂ ಹೇಳಲಿಲ್ಲ. ಆಗ ಇಸ್ತ್ರಿ ಮುಂದೆ ಬಂದ. ಅಂಗಿಯ ತುಂಬಾ ಗ್ರೀಸು. "ನಾನು ಹಾಕ್ಸಿದ್ದು ಮೇಡಂ. ಎತ್ತರ ಮಾಡ್ಸಿದ್ದೂ ನಾನೇ. ಕೋಲು ನಿಲ್ಲಿಸಿದ್ದೂ ನಾನೇ" ಎಂದ. ಅವನ ಮೇಲೆ ನನಗಿದ್ದ ಸಿಟ್ಟು ಅರ್ಧ ಇಳಿಯಿತು. ಉಳಿದರ್ಧ ಇಟ್ಟುಕೊಂಡಿದ್ದೇನೆ, ಯಾವಾಗಲಾದರೂ ಬೇಕಾಗುತ್ತದೆ.

ಯಜಮಾನಿ ಡೈರೆಕ್ಟರುಗಳ ಕಡೆ ತಿರುಗಿ, "ಏನ್ರಪ್ಪಾ, ಗಿಡ್ಡಿ ಅಂದಿದ್ರಲ್ಲ?" ಎಂದರು. ಚೋಟಿಯನ್ನು ಹತ್ತಿರ ಕರೆದು, ಮಾಮನ ಸ್ಟೂಲು ಇನ್ನು ನಿನ್ನದು ಎಂದರು. ಚಪ್ಪಾಳೆ ಮೊದಲು ತಟ್ಟಿದ್ದು ಇಸ್ತ್ರಿ. ಆಮೇಲೆ ಶೆಡ್ಡೇ ಬೀಳುವ ಹಾಗೆ ತಟ್ಟಿದರು, ಡಬ್ಬಿ ಬಡಿದರು, ತಗಡು ಬಡಿದರು. ಯಾರೋ ನಿನ್ನ ಮಗಳನ್ನು ಎತ್ತಿ ರಾಕ್ಷಸಿಯ ಬೆನ್ನ ಮೇಲೆ ಕೂರಿಸಿದರು. ಅವಳು ಅಲ್ಲಿ ಕೂತು, ಕೂದಲ ತುಂಬಾ ಫೈಬರ್ ಪುಡಿ, ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯುವ ಹಾಗಿರಲಿಲ್ಲ. ನಾನು ಡಬ್ಬಿ ಎತ್ತಿ ಹಿಡಿದು ತೋರಿಸಿದೆ. ಬಂದು ಪೂರ್ತಿ ಊಟ ಮಾಡಿದಳು, ಎರಡು ಸಲ ಬಡಿಸಿಕೊಂಡು.

ಮುಖ್ಯಸ್ಥೆಯಾಗಿ ಅವಳು ಹೊರಡಿಸಿದ ಮೊದಲ ಅಪ್ಪಣೆ, ಕೋಲು ದಾಟಿಸುವುದು ಮತ್ತೆ ಶುರು. ಅಳತೆ ಎಂದು ಗೊತ್ತಾಯಿತಲ್ಲ, ಒಂದು ಟೇಪು ಹಿಡಿದರೆ ಸಾಲದೇ ಎಂದು ಯಾರೋ ಕೇಳಿದರು. "ಟೇಪಿಗೆ ಯಾರೂ ಚಪ್ಪಾಳೆ ತಟ್ಟಲ್ಲ, ಚಪ್ಪಾಳೆ ತಟ್ಟದಿದ್ರೆ ಅಳೆಯೋದನ್ನೂ ಮರೀತೀವಿ" ಅಂದಳು. ಟೀ ಉಳಿಯಿತು, ನನಗೆ ಅಷ್ಟು ಸಾಕು. ಇಸ್ತ್ರಿಯನ್ನು ಬಿಡಲಿಲ್ಲ. ಪೋಸ್ಟರು ನೀವೇ ಮಾಡಿ ಎಂದು ಕೇಳಿಕೊಂಡಳು. ಮಾಡಿದ್ದಾನೆ. ಬಾಗಿಲಲ್ಲಿ ಬಗ್ಗಿ ನೋಡುವ ಮುಖ, ಕೆಳಗೆ ಒಂದೇ ಸಾಲು. ದೊಡ್ಡದು ಎಂಬ ಪದ ಅದರಲ್ಲಿಲ್ಲ. ಮಾಮನನ್ನು ಕರೆಸಿದ್ದರು. ಅವರಿಗೆ ಬಣ್ಣ ಕಾಣುವುದಿಲ್ಲ, ರಾಕ್ಷಸಿಯ ಮುಖವನ್ನು ಎರಡೂ ಕೈಯಲ್ಲಿ ಸವರಿ ನೋಡಿ, "ಓಹೋ, ಇವ್ರೇನಾ ಅವ್ರು?" ಎಂದು ಚೋಟಿಯ ಕಿವಿ ಹಿಂಡಿದರು. ನಾನು ಕೇಳಿಸಿಕೊಳ್ಳದ ಹಾಗೆ ಡಬ್ಬಿಯ ಮುಚ್ಚಳ ತಿರುಗಿಸುತ್ತಿದ್ದೆ.

ಹುದ್ದೆ ಸಿಕ್ಕ ದಿನ ಸಂಜೆ ಅವಳು ಮೆಟ್ಟಿಲು ಹತ್ತಿ ಬಂದು ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತಳು. ಸ್ನೇಹಿತರಿಗೆಲ್ಲ ಫೋನು ಮಾಡಿದಳು, ನಕ್ಕಳು. ಆಮೇಲೆ ಒಂದು ನಂಬರಿನ ಮೇಲೆ ಬೆರಳಿಟ್ಟಳು. ಒತ್ತಲಿಲ್ಲ. ಫೋನನ್ನು ಬೋರಲು ಹಾಕಿ, "ಅಜ್ಜಿ, ಟೀಗೆ ಸಕ್ಕರೆ ಹಾಕಿಲ್ಲ ನೀನು" ಎಂದು ನನ್ನ ಮೇಲೆ ರೇಗಿದಳು. ಹಾಕಿದ್ದೆ. ಯಾರ ನಂಬರು ಎಂದು ನಾನು ನೋಡಲಿಲ್ಲ. ನನ್ನ ಕಣ್ಣು ಅಷ್ಟು ಚುರುಕಿಲ್ಲ ಎಂದು ಇಟ್ಟುಕೋ.

ನಿನ್ನ ಹೆಸರನ್ನು ಅವಳು ಎತ್ತುವುದೇ ಇಲ್ಲ. ಇದು ನಿಜ. ಆದರೆ ಬರುವ ಭಾನುವಾರ ದೋಣಿಯಾಟ ಶುರುವಾಗುತ್ತದೆ. ಮೊದಲ ದೋಣಿಯಲ್ಲಿ ಮುಖ್ಯಸ್ಥರ ಮನೆಯವರು ಕೂರಬೇಕು, ಅದು ಮಾಮನ ಕಾಲದಿಂದ ಬಂದ ರೂಢಿ. ಸೀಟು ಬರೆಸುವಾಗ ಅವಳು ನನ್ನನ್ನು ಕೇಳಿದಳು, "ನಿನಗೆ ಎರಡು ಸೀಟು ಬೇಕಾಗುತ್ತಲ್ಲಾ ಅಜ್ಜಿ?" ನಾನು ಒಣಗಿದ ಕಡ್ಡಿಯ ಹಾಗಿದ್ದೇನೆ. ಅರ್ಧ ಸೀಟಿನಲ್ಲಿ ಕೂತು ಉಳಿದರ್ಧವನ್ನು ಬಾಡಿಗೆಗೆ ಕೊಡಬಹುದು. "ಹೂಂ, ಬೇಕು" ಅಂದೆ. "ಮುಂದಿನ ಸಾಲಿನದ್ದೇ ಹಾಕ್ಸ್ತೀನಿ, ಮುಖ ಚೆನ್ನಾಗಿ ಕಾಣುತ್ತೆ" ಎಂದು, ನನ್ನ ಮುಖ ನೋಡದೆ ಎದ್ದು ಹೋದಳು.

ಅದಕ್ಕೇ ಈ ಕಾಗದ. ಬರೆಯಲು ಅವಳು ಹೇಳಿಲ್ಲ. ಬರೆದೆನೆಂದು ಗೊತ್ತಾದರೆ ನನ್ನ ಡಬ್ಬಿ ಬೀದಿಗೆಸೆಯುತ್ತಾಳೆ. ಅವಳು ತಲೆ ಎತ್ತಿ ನಿಂತಾಯಿತು, ಇನ್ನು ಅವಳು ಬರಲಿ ಎಂದು ನೀನು ಕಾಯುತ್ತೀಯ, ನೀನು ಬರಲಿ ಎಂದು ಅವಳು ಕಾಯುತ್ತಾಳೆ. ಇಬ್ಬರೂ ಬಾಗಿಲಿಗಿಂತ ಎತ್ತರ. ನನಗೆ ಕಾಯುವ ವಯಸ್ಸಲ್ಲ. ನಿನ್ನ ಶಾಲೆಗೆ ರಜೆ ಕೊಡು, ಭಾನುವಾರ ಹೇಗೂ ರಜೆಯೇ. ಬಿಳಿಯ ಸೀರೆ ಉಡಬೇಡ, ನೀರು ಹಾರುತ್ತದೆ. ಬಂದು ಅವಳನ್ನು ಹೊಗಳಬೇಕಾಗಿಯೂ ಇಲ್ಲ. ಬೈಯುತ್ತಲೇ ಬಾ. ಬೈದರೂ ಹುಡುಕಿಕೊಂಡು ಬಂದಳಲ್ಲ ಎಂದಾದರೆ ಸಾಕು.

ಈಗ ಆಶೀರ್ವಾದ. ಹೊಟ್ಟೆ ತಣ್ಣಗಿರಲಿ, ನಾಲಿಗೆ ಸ್ವಲ್ಪ ಮೊಂಡಾಗಲಿ, ಮಂಡಿ ನೋವು ವಾಸಿಯಾಗಲಿ.

ದೋಣಿಯಲ್ಲಿ ಅರ್ಧ ಸೀಟು ಸಾಕಾಗುವ,
ನಿನ್ನ ಅಮ್ಮ

ಮರೆತೆ ಎಂದುಕೊಂಡೆಯಾ, ಮುಖದ ವಿಷಯ ಈಗ: ಈ ಕಾಗದವನ್ನು ಬಣ್ಣದಾಕೆಯ ಕೈಯಲ್ಲಿ ಕಳಿಸುತ್ತಿದ್ದೇನೆ. ಅವಳ ಅಕ್ಕನ ಮನೆ ನಿಮ್ಮ ಕಡೆಯೇ. ನೀನು ಬಾಗಿಲು ತೆಗೆದಾಗ ಅವಳು ಕಾಗದ ಕೊಡುವುದನ್ನೂ ಮರೆತು ನಿನ್ನನ್ನೇ ಬಾಯಿಬಿಟ್ಟುಕೊಂಡು ನೋಡಿರುತ್ತಾಳೆ. ಬೈದಿದ್ದರೆ ಒಳಗೆ ಕರೆದು ಟೀ ಕೊಡು. ಪಾಪ, ಅವಳ ತಪ್ಪಲ್ಲ. ಆ ಮೇಲೇರಿದ ಎಡ ಹುಬ್ಬು, ಗಲ್ಲದ ಮಚ್ಚೆ, ಬೈಯುವಾಗ ಬಿಗಿಯುವ ತುಟಿ, ಇವೆಲ್ಲಕ್ಕೂ ತಿಂಗಳಾನುಗಟ್ಟಲೆ ಏಣಿ ಹತ್ತಿ ಬಣ್ಣ ಹಚ್ಚಿದವಳು ಅವಳು. ಆ ಮುಖ ಉಸಿರಾಡುತ್ತಾ ಒಂದು ಮನೆಯಲ್ಲಿದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಚೋಟಿ ಚಿಕ್ಕವಳಿದ್ದಾಗ ಏನಾದರೂ ಒಡೆದುಹಾಕಿ ಮಂಚದ ಕೆಳಗೆ ಬಚ್ಚಿಟ್ಟುಕೊಳ್ಳುತ್ತಿದ್ದಳಲ್ಲ. ನೀನು ಮನೆಯೆಲ್ಲ ದಪದಪ ತಿರುಗಿ ಬೈದು, ಕೊನೆಗೆ ಒಂದು ಕೈ ಸೊಂಟದ ಮೇಲೆ, ಒಂದು ಕೈ ನೆಲಕ್ಕೆ ಊರಿ ಬಗ್ಗಿ, ತಲೆ ವಾಲಿಸಿ ನೋಡುತ್ತಿದ್ದೆ. ಆಮೇಲೆ ನಿನ್ನ ಬಾಯಿಂದ ಒಂದೇ ಒಂದು ಮಾತು ಬರುತ್ತಿತ್ತು. ಗುಹೆಯಲ್ಲಿ ರಾಕ್ಷಸಿ ದೋಣಿಯೊಳಗೆ ಬಗ್ಗಿ ನೋಡಿ ಅದನ್ನೇ ಹೇಳುತ್ತಾಳೆ: "ಇಲ್ಲಿದ್ದೀಯಾ? ಊಟ ಮಾಡಿದ್ಯಾ?"

ದನಿ ಮಾತ್ರ ನನ್ನದು. ನಿನ್ನದು ಸಿಗಲಿಲ್ಲವಲ್ಲ.